ಅರಿಶಿನದ ಗುಣ, ಅರಿಶಿನದ ಬೆಲೆ: ಮಾತೆಷ್ಟು, ಹುರುಳೆಷ್ಟು?



ಅರಿಶಿನದಿಂದ ಮಂಡಿನೋವು ಹೋಗುತ್ತದಂತೆ, ಕ್ಯಾನ್ಸರು ವಾಸಿಯಾಗುತ್ತದಂತೆ, ಪರದೇಶದಲ್ಲಿ ಭಾರಿ ಬೇಡಿಕೆಯಂತೆ ಎಂಬ ಮಾತನ್ನು ಚಾಮರಾಜನಗರದ ಕಡೆಯವರೂ ಬಾಗಲಕೋಟೆಯ ಕಡೆಯವರೂ ಕೇಳಿಯೇ ಇರುತ್ತೀರಿ. ಈ ಮಾತಿನ ಬೆನ್ನಿಗೇ ‘ಕರ್ಕ್ಯುಮಿನ್ ಹೆಚ್ಚಿರುವ ತಳಿ’ ಎಂದು ದುಬಾರಿ ಬಿತ್ತನೆ ಗಡ್ಡೆ ಮಾರುವವರೂ ಬರುತ್ತಾರೆ. ಗಡ್ಡೆಗೆ ಹಣ ಕೊಡುವ ಮುನ್ನ ಈ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ತಾವು ತಿಳಿಯಬೇಕು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಪದಾರ್ಥವೇ ಕರ್ಕ್ಯುಮಿನ್. ಗಾಯವಾದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದಲ್ಲವೇ, ಅದೇ ಉರಿಯೂತ. ಗಾಯ ಮಾಯಲು ಅದು ಬೇಕು. ಕೀಲುಗಳಲ್ಲಿ ವರ್ಷಗಟ್ಟಲೆ ಉಳಿದರೆ ಅದೇ ರೋಗ. ಇನ್ನೊಂದು, ನಾವು ಉಸಿರಾಡುವ ಆಮ್ಲಜನಕವನ್ನು ದೇಹ ಬಳಸುವಾಗ ಹುಟ್ಟುವ ಚುರುಕು ಕಣಗಳು ಜೀವಕೋಶಗಳನ್ನು ಕೆಡಿಸುವುದು. ಹಳೆಯ ಎಣ್ಣೆ ಕಮಟುವುದೂ ಈ ಜಾತಿಯ ಕೆಲಸವೇ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಇವೆರಡನ್ನೂ ಹತ್ತಿಕ್ಕುತ್ತದೆ. ಇಷ್ಟು ನಿಜ.

ತೊಡಕಿರುವುದು ಹೊಟ್ಟೆಯಲ್ಲಿ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಸೇರಿದ್ದನ್ನೂ ಕರುಳು, ಯಕೃತ್ತುಗಳು ಬೇಗ ಮಾರ್ಪಡಿಸಿ ಹೊರದೂಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ದೊರೆತ ಪ್ರಮಾಣ ಸುಮಾರು 20 ಪಟ್ಟು ಏರಿತು. ಇಂದಿನ ಎಷ್ಟೋ ಗುಳಿಗೆಗಳಲ್ಲಿ ಮೆಣಸಿನ ಸಾರ ಬೆರೆತಿರುವುದು ಇದರಿಂದಲೇ. ಆದರೆ 2017ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳು 120ಕ್ಕೂ ಹೆಚ್ಚು ಮಾನವ ಪ್ರಯೋಗಗಳನ್ನು ಜಾಲಾಡಿ, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆದ್ದದ್ದು ಒಂದೂ ಇಲ್ಲವೆಂದರು. ಮಂಡಿ ಸವೆತದ ನೋವಿಗೆ ಸ್ವಲ್ಪ ಉಪಶಮನ ತೋರಿದ ಸಣ್ಣ ಪ್ರಯೋಗಗಳಿವೆ. ಕ್ಯಾನ್ಸರು ವಾಸಿಯಾಗುತ್ತದೆಂಬ ಮಾತಿಗೆ ಆಧಾರವಿಲ್ಲ.

ಲೆಕ್ಕ ಹಾಕಿ ನೋಡಿ. ಶೇ. 3ರಷ್ಟು ಕರ್ಕ್ಯುಮಿನ್ ಇರುವ ಒಂದು ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ ಸಿಗುವುದು 90 ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಟ್ಟದ್ದು ಅನೇಕ ಕಡೆ ದಿನಕ್ಕೆ 1,000 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು. ಅಡಿಗೆಯ ಅರಿಶಿನವೇ ಬೇರೆ, ಗುಳಿಗೆಯೇ ಬೇರೆ. ಇಂಥ ಗಾಢ ಗುಳಿಗೆಗಳನ್ನು ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟು ಕಾಮಾಲೆ ಬಂದದ್ದನ್ನು 2019ರಲ್ಲಿ ಇಟಲಿಯಲ್ಲಿ ಗುರುತಿಸಿದರು; 2023ರಲ್ಲಿ ಆಸ್ಟ್ರೇಲಿಯ ಸರ್ಕಾರ ಎಚ್ಚರಿಕೆ ಹೊರಡಿಸಿತು. ಸಾರಿಗೆ ಹಾಕುವ ಅರಿಶಿನಕ್ಕೆ ತಾವು ಹೆದರಬೇಕಿಲ್ಲ. ಮಂಡಿನೋವಿಗೆ ಗುಳಿಗೆ ತರುವುದಾದರೆ ಮೊದಲು ವೈದ್ಯರನ್ನು ಕೇಳಿ.

ಇನ್ನು ಬೆಲೆಯ ಸಂಗತಿ. ವಾಯಿದೆ ಪೇಟೆಯಲ್ಲಿ 2023ರ ಆಗಸ್ಟ್‌ನಲ್ಲಿ ಅರಿಶಿನ ಕ್ವಿಂಟಲಿಗೆ 15,000 ರೂ. ದಾಟಿತು. ಆ ವರ್ಷ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅರಿಶಿನ ಮಂಡಳಿಯನ್ನು ಘೋಷಿಸಿತು. 2025ರ ಜನವರಿಯಲ್ಲಿ ಅದು ಉದ್ಘಾಟನೆಯಾಯಿತು. ಸರ್ಕಾರದ ಅಂಕಿಗಳ ಪ್ರಕಾರ 2022-23ರಲ್ಲಿ ದೇಶದ ಇಳುವರಿ 11.61 ಲಕ್ಷ ಟನ್, ರಫ್ತಾದದ್ದು 1.53 ಲಕ್ಷ ಟನ್ ಮಾತ್ರ. ‘ಪರದೇಶದ ಬೇಡಿಕೆ’ ಎಂದವರಿಗೆ ಈ ಎರಡು ಅಂಕಿಗಳನ್ನು ತೋರಿಸಿ. ನಮ್ಮ ಬೆಲೆಯನ್ನು ಏರಿಸುವುದೂ ಇಳಿಸುವುದೂ ಹೆಚ್ಚಾಗಿ ನಮ್ಮದೇ ಬಿತ್ತನೆ, ನಮ್ಮದೇ ಮಳೆ.

ಕೋಯಿಕ್ಕೋಡಿನ ಸಂಬಾರ ಸಂಶೋಧನಾ ಸಂಸ್ಥೆಯ ಪ್ರತಿಭಾ, ಪ್ರಗತಿ ಒಳ್ಳೆಯ ತಳಿಗಳು. ಪ್ರತಿಭಾದಲ್ಲಿ ಕರ್ಕ್ಯುಮಿನ್ ಶೇ. 6ರ ಆಸುಪಾಸು, ಪ್ರಗತಿಯಲ್ಲಿ ಶೇ. 5ರಷ್ಟು. ಆದರೆ ಮಾರುಕಟ್ಟೆ ಅಂಗಳದಲ್ಲಿ ವರ್ತಕರು ನೋಡುವುದು ಕೊಂಬಿನ ಗಾತ್ರ, ಬಣ್ಣ, ಒಣಗಿದ ಹದ; ಕರ್ಕ್ಯುಮಿನ್ ಕಣ್ಣಿಗೆ ಕಾಣುವುದಿಲ್ಲ. ಉದಾಹರಣೆಗೆ ಒಬ್ಬರು ಎಕರೆಗೆ 20 ಕ್ವಿಂಟಲ್ ಸಾಧಾರಣ ಒಣ ಅರಿಶಿನ ತೆಗೆದರೆನ್ನಿ. ಇನ್ನೊಬ್ಬರು ಹೆಚ್ಚು ಕರ್ಕ್ಯುಮಿನ್ನಿನ ತಳಿ ಹಾಕಿ, ಅವರ ಮಣ್ಣಿಗೆ ಅದು ಒಗ್ಗದೆ, 15 ಕ್ವಿಂಟಲ್ ತೆಗೆದರೆನ್ನಿ. 12,000 ರೂ. ದರದಲ್ಲಿ ಮೊದಲಿನವರಿಗೆ 2,40,000, ಎರಡನೆಯವರಿಗೆ 1,80,000. ಇಬ್ಬರೂ ಸಮ ಆಗಬೇಕಾದರೆ ಎರಡನೆಯವರ ಮಾಲಿಗೆ 16,000 ಸಿಗಬೇಕು. ಆ ದರವನ್ನು ಕೊಡುವವರು ಯಾರು, ಬರವಣಿಗೆಯಲ್ಲಿ ಕೊಡುತ್ತಾರೆಯೇ? ಇದು ಬಿತ್ತನೆಗೆ ಮೊದಲು ಕೇಳಬೇಕಾದ ಪ್ರಶ್ನೆ. ಉತ್ತರ ಬಾಯಿಮಾತಿನಲ್ಲೇ ಉಳಿದರೆ ಕಾಲೆಕರೆಯಲ್ಲಿ ಮಾತ್ರ ಹಾಕಿ ನೋಡಿ.

ಕೊನೆಗೆ ಬಣ್ಣದ ವಿಚಾರ. ಹೊಳಪಿಗಾಗಿ ಕೆಲವೆಡೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುವ ಚಾಳಿಯಿದೆ. ಸೀಸ ಮಕ್ಕಳ ಮೆದುಳಿಗೆ ವಿಷ. ಅರಿಶಿನ ತಗ್ಗಿಸುತ್ತದೆಂಬ ಆ ಚುರುಕು ಕಣಗಳ ಹಾವಳಿಯನ್ನು ಅದು ಹೆಚ್ಚಿಸುತ್ತದೆ. ಬಾಂಗ್ಲಾದೇಶದ ಪೇಟೆಗಳಲ್ಲಿ 2019ರಲ್ಲಿ ಶೇ. 47ರಷ್ಟು ಮಾದರಿಗಳಲ್ಲಿ ಸೀಸ ಕಂಡಿತ್ತು. ಸರ್ಕಾರ ತಪಾಸಣೆ ಮಾಡಿ, ದಂಡ ಹಾಕಿ, ಜನರಿಗೆ ತಿಳಿಯಹೇಳಿದ ಮೇಲೆ 2021ಕ್ಕೆ ಒಂದರಲ್ಲೂ ಕಾಣಲಿಲ್ಲ. ಹೊಳಪು ಕೊಡಿಸುವಾಗ ಎದುರು ನಿಂತು, ಅರಿಶಿನದ ಪುಡಿಯ ಹೊರತು ಬೇರೆ ಬಣ್ಣ ಬೇಡವೆನ್ನಿ. ಗಡ್ಡೆಯನ್ನು ನೊರೆ ಬಂದು ಘಮ್ಮೆನ್ನುವವರೆಗೆ, 45ರಿಂದ 60 ನಿಮಿಷ ಬೇಯಿಸಿದರೆ ಸಾಕು. ಅತಿಯಾಗಿ ಬೆಂದರೆ ಬಣ್ಣ ಕೆಡುತ್ತದೆ. ಒಣಗಿದ ಮಾಲನ್ನು ಬಿಸಿಲು ಬೀಳದ ಕಡೆ ಇಡಿ. ಹೆಚ್ಚು ಕರ್ಕ್ಯುಮಿನ್ ಇದೆಯೆಂದು ಹೆಚ್ಚು ದರ ಕೇಳುವುದಾದರೆ, ಮಾರುವ ಮುನ್ನ ಸಂಬಾರ ಮಂಡಳಿಯ ಪ್ರಯೋಗಶಾಲೆಗೆ ಮಾದರಿ ಕಳುಹಿಸಿ, ಚೀಟಿಯನ್ನು ಕೈಯಲ್ಲಿಟ್ಟುಕೊಂಡೇ ವರ್ತಕರ ಮುಂದೆ ಕುಳಿತುಕೊಳ್ಳಿ.