ಹಾಳಾದ ಮಾಲಿಗೂ ಲೆಕ್ಕ ಬೇಕು

ಸಹಕಾರ ಸಂಘಗಳ ಉಗ್ರಾಣದ ಲೆಕ್ಕ ಪುಸ್ತಕದಿಂದ ಕಂಪ್ಯೂಟರಿಗೆ ಬಂದಿದೆ. ಸಂತೋಷವೇ. ಆದರೆ ಯಂತ್ರ ಬಲ್ಲದ್ದು ನಾವು ಬರೆದುದನ್ನು ಮಾತ್ರ. ಬಂದ ಮಾಲು, ಹೋದ ಮಾಲು ಎರಡನ್ನೇ ಬರೆದು, ಹಾಳಾಗಿ ಎಸೆದುದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಇದು ಹೊಸ ಮಾತೇನೂ ಅಲ್ಲ. ಕುದಾಪುರದ ಸುತ್ತಿನದು ಶೇಂಗಾ ಬೆಳೆಯುವ ಸೀಮೆ; ಅದರ ತಾಲೂಕು ಕೇಂದ್ರ ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಗಿರಣಿಗೆ ಹಾಕಿದ ಬೀಜದ ತೂಕ ಸರಿಹೋಗಬೇಕಾದರೆ ಎಣ್ಣೆಯೊಂದೇ ಸಾಲದು, ಹಿಂಡಿ ಮಡ್ಡಿಗಳೂ ಸೇರಬೇಕು. ಕಾಫಿ ಕ್ಯೂರಿಂಗಿನ ಔಟ್‌ಟರ್ನ್ ಲೆಕ್ಕದ ನೀತಿಯೂ ಇದೇ.

ಸಾವಿರ ಕಿಲೋ ಚಾಲಿ ಅಡಿಕೆ ವಿಂಗಡಿಸಿದೆವೆನ್ನೋಣ. ಒಳ್ಳೆಯದು 940, ಕೋಕ 45, ಬೂಸಲು ಹಿಡಿದು ಎಸೆದದ್ದು 10, ಒಣಗಿ ಇಳಿದದ್ದು 5. ಕೊನೆಯ ಎರಡನ್ನು ನಮೂದಿಸದಿದ್ದರೆ, ಉಗ್ರಾಣದಲ್ಲಿಲ್ಲದ 15 ಕಿಲೋ ಕಂಪ್ಯೂಟರಿನಲ್ಲಿ ಉಳಿದೇ ಇರುತ್ತದೆ. ವರ್ಷಾಂತ್ಯದ ತನಿಖೆಯಲ್ಲಿ ಅಪವಾದ ಗುಮಾಸ್ತನಿಗೆ, ನಷ್ಟ ಸದಸ್ಯರಿಗೆ.

ಆದುದರಿಂದ ಹಾಳಾದುದನ್ನು ಅಂದಂದೇ ತೂಗಿ, ಲಾಟ್ ನಂಬರು, ತೂಕ, ಕಾರಣ ಮೂರನ್ನೂ ಬರೆಯಬೇಕು. ಕೋಕಕ್ಕೆ ಬೆಲೆಯುಂಟು, ಅದನ್ನು ಹಾಳೆಂದು ಬರೆಯಬಾರದು. ಒಣಗಿದ ಇಳಿಕೆಯನ್ನು ಬೂಸಲಿನೊಡನೆ ಬೆರೆಸಬಾರದು. ಕಾರಣ ತಿಳಿದರೆ ಪರಿಹಾರವೂ ತಿಳಿಯುತ್ತದೆ: ಬೂಸಲು ಹೆಚ್ಚಿದರೆ ಅಂಗಳದಲ್ಲಿ ಒಣಗಿದ್ದು ಸಾಲದು, ಇಲ್ಲವೇ ಉಗ್ರಾಣದ ಮಾಡು ಸೋರುತ್ತಿದೆ.

ಸದಸ್ಯ ಬಾಂಧವರು ಮಹಾಸಭೆಯಲ್ಲಿ ಲಾಭದ ಅಂಕಿಯ ಜತೆಗೆ ಈ ಅಂಕಿಯನ್ನೂ ಕೇಳಬೇಕೆಂದು ನಮ್ಮ ವಿನಂತಿ.