ತಂದೆಯ ಸುತ್ತಿಗೆ, ಮಗನ ಕೈ

"ನಮ್ಮ ಪಾಡು ನಮ್ಮೊಂದಿಗೇ ಮುಗಿಯಲಿ, ಮಕ್ಕಳಿಗೆ ಈ ಕೆಲಸ ಬೇಡ." ನಮ್ಮ ಹೊಟೇಲು ಬಂಧುಗಳ ಬಾಯಿಂದ ನಾವು ಪದೇ ಪದೇ ಕೇಳುವ ಮಾತು ಇದು. ಬೆಳಗಿನ ನಾಲ್ಕು ಗಂಟೆಗೆದ್ದು ಒಲೆ ಹೊತ್ತಿಸಿದವರು, ಇಪ್ಪತ್ತು ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು ಬೆವರು ಸುರಿಸಿದವರು ಹೀಗೆನ್ನುವಾಗ ಅದರ ಹಿಂದಿನ ನೋವು ನಮಗೆ ತಿಳಿಯದೆ ಇಲ್ಲ. ಮಗನು ಕಾಲೇಜು ಕಲಿತು ಬ್ಯಾಂಕಿನಲ್ಲೋ ಆಫೀಸಿನಲ್ಲೋ ಕುರ್ಚಿಯ ಮೇಲೆ ಕುಳಿತರೆ ಸಾಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮಾತನ್ನು ಕೇಳುತ್ತ ಬೆಳೆದ ಮಗನು ಅದರೊಂದಿಗೆ ಇನ್ನೊಂದು ಪಾಠವನ್ನೂ ಕಲಿಯುತ್ತಾನೆ. ತಂದೆಯ ಕೆಲಸವು ನಾಲ್ವರ ಮುಂದೆ ಹೇಳಿಕೊಳ್ಳತಕ್ಕದ್ದಲ್ಲ, ಮುಚ್ಚಿಡತಕ್ಕದ್ದು ಎಂಬ ಪಾಠವನ್ನು. ನಮ್ಮ ಆಕ್ಷೇಪವಿರುವುದು ಇಲ್ಲಿ.

ಈ ವಿಷಯವನ್ನು ಯೋಚಿಸುವಾಗಲೆಲ್ಲ ನಮ್ಮ ನೆನಪಿಗೆ ಬರುವುದು ಇಟಲಿ ದೇಶದ ಟ್ಯೂರಿನ್ ನಗರದ ಒಂದು ಮನೆತನ. ಅವರ ಉದ್ಯೋಗ ಹೊಟೇಲಲ್ಲ, ಮೋಟಾರು ಕಾರುಗಳಿಗೆ ಬಾಡಿ ಕಟ್ಟುವುದು. ತಂದೆ ಕಟ್ಟಿದ್ದನ್ನು ಮಗನು ಹೇಗೆ ಮುಂದುವರಿಸಬೇಕು, ತಂದೆ ಅದನ್ನು ಹೇಗೆ ಒಪ್ಪಿಸಿಕೊಡಬೇಕು ಎಂಬುದಕ್ಕೆ ಅವರದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾವು ಕಾಣೆವು. ಆ ಮನೆತನದ ಹೆಸರಿಗೂ ನಮ್ಮ ಮುಂಬಯಿಗೂ ಈಚೆಗೆ ಒಂದು ನಂಟು ಬೆಳೆದಿದೆ. ಅದನ್ನು ಮುಂದೆ ಹೇಳುತ್ತೇವೆ.

ಇಂದು ಕಾರು ಕೊಳ್ಳುವವನು ಸಿದ್ಧವಾಗಿ ನಿಂತ ಗಾಡಿಯನ್ನು ಮನೆಗೆ ತರುತ್ತಾನೆ. ಹಿಂದೆ ಎಲ್ಲ ಕಡೆಯೂ ಹಾಗಿರಲಿಲ್ಲ. ಉತ್ತಮ ತರಗತಿಯ ಕಾರುಗಳಾದರೆ ಕಾರಖಾನೆಯವರು ಇಂಜಿನನ್ನೂ ಚಕ್ರಗಳನ್ನೂ ಹೊತ್ತ ಬರಿಯ ಚಾಸಿಯನ್ನು ಕೊಡುತ್ತಿದ್ದರು. ಗಿರಾಕಿಯು ಅದನ್ನು ಬಾಡಿ ಕಟ್ಟುವವರ ಬಳಿಗೊಯ್ದು ತನ್ನ ಇಷ್ಟದಂತೆ ಕಟ್ಟಿಸಿಕೊಳ್ಳುತ್ತಿದ್ದನು. ಮೈಯಿಲ್ಲದ ಲಾರಿ ಚಾಸಿಯನ್ನು ಚಾಲಕನೊಬ್ಬನು ಗಾಳಿಬಿಸಿಲಿಗೆ ಮೈಯೊಡ್ಡಿ ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗುವುದನ್ನು, ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನಮ್ಮ ವಾಚಕರು ಕಂಡಿರಬಹುದು, ಅದೇ ಪದ್ಧತಿ. ಬಡಗಿಯು ಮರದ ಅಚ್ಚನ್ನು ಸಿದ್ಧಪಡಿಸುವನು. ತಗಡಿನ ಕೆಲಸದವನು ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಅಚ್ಚಿನ ಬಾಗಿಗೆ ಹೊಂದಿಸುವನು. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈ ಆಡಿಸಿದಾಗ ಅವನಿಗೆ ತಿಳಿಯುವುದು. ಹಿಟ್ಟಿನ ಹದವನ್ನು ಬೆರಳಿನಿಂದಲೇ ಅರಿಯುವ ನಮ್ಮ ಅಡುಗೆ ಭಟ್ಟರಿಗೆ ಈ ವಿದ್ಯೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಟಿಸ್ಟಾ ಫರೀನಾ ಅವರು ಹುಟ್ಟಿದ್ದು 1893ರಲ್ಲಿ, ಹನ್ನೊಂದು ಮಕ್ಕಳ ಸಂಸಾರದಲ್ಲಿ ಹತ್ತನೆಯವರಾಗಿ. ಚಿಕ್ಕವನೆಂಬ ಅರ್ಥದಲ್ಲಿ ಮನೆಯವರು 'ಪಿನಿನ್' ಎಂದು ಕರೆದರು, ಅದೇ ನಿಂತಿತು. ಹನ್ನೊಂದು ಹನ್ನೆರಡರ ಪ್ರಾಯದಲ್ಲಿಯೇ ಅಣ್ಣನ ಕಾರಖಾನೆಗೆ ಸೇರಿ ಕೆಲಸ ಕಲಿತರು. ಆ ಪ್ರಾಯದಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು, ಹಗಲು ಪ್ಲೇಟು ತೊಳೆದು ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರು ನಮ್ಮಲ್ಲಿಯೂ ಎಷ್ಟೋ ಮಂದಿ. ಇಂದು ಮಕ್ಕಳನ್ನು ಹಾಗೆ ಕೆಲಸಕ್ಕೆ ಹಚ್ಚುವುದು ಕಾಯಿದೆಗೆ ವಿರುದ್ಧ, ವಿರುದ್ಧವಾಗಿರುವುದೇ ಸರಿ. ಆದರೆ ಹಾಗೆ ಬೆಳೆದವರ ಕೈಯಲ್ಲಿದ್ದ ವಿದ್ಯೆ ಸಾಮಾನ್ಯದ್ದೆಂದು ಯಾರೂ ಭಾವಿಸಬಾರದು. 1930ರಲ್ಲಿ ಪಿನಿನ್ ಅವರು ಟ್ಯೂರಿನ್ನಿನಲ್ಲಿ ಸ್ವಂತ ಕಾರಖಾನೆಯನ್ನು ತೆರೆದರು. 1947ರಲ್ಲಿ ಅವರು ಚಿಸಿಟಾಲಿಯಾ ಎಂಬ ಚಿಕ್ಕ ಕಾರಿಗೆ ಕೊಟ್ಟ ರೂಪವು ಎಷ್ಟು ಸುಂದರವಾಗಿತ್ತೆಂದರೆ, ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು 1951ರಲ್ಲಿ ಅದನ್ನು ಕಲಾಕೃತಿಯೆಂದೇ ಪ್ರದರ್ಶಿಸಿತು.

ಅವರ ಮಗ ಸೆರ್ಜಿಯೊ 1926ರಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸಿನಲ್ಲಿ ಮೋಟಾರು ಪ್ರದರ್ಶನ ನಡೆಯಿತು. ಇಟಲಿಯವರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ತಂದೆ ಒಂದು ಕಾರನ್ನು ಹತ್ತಿದರು; ಇಪ್ಪತ್ತರ ಮಗನು ಇನ್ನೊಂದನ್ನು. ತಮ್ಮ ಕೈಯಾರೆ ರೂಪಿಸಿದ ಆ ಎರಡು ಕಾರುಗಳನ್ನು ಟ್ಯೂರಿನ್ನಿನಿಂದ ಆಲ್ಪ್ಸ್ ಪರ್ವತಗಳಾಚೆಗೆ ಪ್ಯಾರಿಸಿನವರೆಗೂ ತಾವೇ ಓಡಿಸಿಕೊಂಡು ಹೋಗಿ ಪ್ರದರ್ಶನ ಮಂದಿರದ ಬಾಗಿಲ ಹೊರಗೆ ನಿಲ್ಲಿಸಿದರು. ಒಳಗೆ ಹೋಗಬೇಕಾದ ಜನ ಹೊರಗೇ ನಿಂತು ನೋಡಿದರು. ಆ ದಾರಿಯಲ್ಲಿ ಮಗನು ತಂದೆಯಿಂದ ಕಲಿತದ್ದು ಯಾವ ಪಾಠಶಾಲೆಯಲ್ಲಿಯೂ ದೊರೆಯುವಂತಹುದಲ್ಲ. ಬಾಗಿಲು ಮುಚ್ಚಿದಾಗ ಹಿಂದಿರುಗದೆ ತನ್ನ ಕೆಲಸವನ್ನು ಬಾಗಿಲ ಬಳಿಯೇ ತೋರಿಸಬೇಕೆಂಬ ಧೈರ್ಯ ಅದು.

ಹಾಗೆಂದು ಪಿನಿನ್ ಅವರು ಮಗನನ್ನು ಸುತ್ತಿಗೆಗೇ ಕಟ್ಟಿಹಾಕಲಿಲ್ಲ. ಸೆರ್ಜಿಯೊ ಟ್ಯೂರಿನ್ನಿನ ತಾಂತ್ರಿಕ ವಿದ್ಯಾಪೀಠದಲ್ಲಿ ಓದಿ 1950ರಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದರು. ತಂದೆಯ ಕಸುಬು ಬೇರೆ, ವಿದ್ಯೆ ಬೇರೆ ಎಂಬ ಭೇದ ಆ ಮನೆಯಲ್ಲಿರಲಿಲ್ಲ. ಮುಂದಿನ ವರ್ಷ ಇನ್ನೊಂದು ಸ್ವಾರಸ್ಯದ ಘಟನೆ ನಡೆಯಿತು. ಓಟದ ಕಾರುಗಳಿಗೆ ಪ್ರಸಿದ್ಧರಾದ ಎಂಜೊ ಫೆರಾರಿಯವರು ಪಿನಿನ್ ಅವರೊಡನೆ ಮಾತುಕತೆಗೆ ಬಯಸಿದ್ದರು. ಇಬ್ಬರೂ ಸ್ವಾಭಿಮಾನಿಗಳು, ಒಬ್ಬರ ಊರಿಗೆ ಇನ್ನೊಬ್ಬರು ಹೋಗಲೊಲ್ಲರು. ಕೊನೆಗೆ ನಡುದಾರಿಯ ಟೊರ್ಟೋನಾ ಎಂಬ ಊರಿನ ಒಂದು ಭೋಜನಗೃಹದಲ್ಲಿ ಭೇಟಿಯಾದರು. ಒಪ್ಪಂದವೇನೋ ಕುದುರಿತು. ಆದರೆ ಆ ಕಠಿಣ ಗಿರಾಕಿಯ ಕೆಲಸವನ್ನು ತಂದೆ ವಹಿಸಿಕೊಟ್ಟದ್ದು ಇಪ್ಪತ್ತೈದರ ಆಸುಪಾಸಿನ ಮಗನಿಗೆ. 1952ರಿಂದ ಮೊದಲ್ಗೊಂಡು ಸುಮಾರು ಅರುವತ್ತು ವರ್ಷ ಫೆರಾರಿಯ ಹೆಚ್ಚಿನ ಕಾರುಗಳ ರೂಪ ಆ ಕಾರಖಾನೆಯಿಂದಲೇ ಹೊರಬಂತು.

ಮಗನು ತಂದೆಯ ನಕಲಾಗಿ ಉಳಿಯಲಿಲ್ಲವೆಂಬುದೂ ಗಮನಿಸತಕ್ಕದ್ದು. ಇಂಜಿನನ್ನು ಚಾಲಕನ ಬೆನ್ನ ಹಿಂದೆ ಇಡಬೇಕೆಂದು ಸೆರ್ಜಿಯೊ ಫೆರಾರಿಯವರೊಡನೆ ವಾದಿಸಿ, ಅವರ ಮನವೊಲಿಸಿ, 1965ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀನೊ ಎಂಬ ಮಾದರಿಯನ್ನು ಮುಂದಿಟ್ಟರು. 1972ರಲ್ಲಿ ಕಾರಿನ ಮೇಲೆ ಗಾಳಿಯ ಒತ್ತಡವನ್ನು ಪರೀಕ್ಷಿಸುವ ದೊಡ್ಡ ಸುರಂಗವನ್ನೇ ಕಟ್ಟಿಸಿದರು. ತಂದೆ ಅಂಗೈಯಿಂದ ಅರಿತದ್ದನ್ನು ಮಗನು ಯಂತ್ರದಿಂದ ಅಳೆದನು. ಅರಿಯುವ ಹಂಬಲ ಮಾತ್ರ ಒಂದೇ. 1961ರಲ್ಲಿ ಪಿನಿನ್ ಅವರು ಮಗನಿಗೂ ಅಳಿಯನಿಗೂ ಆಡಳಿತವನ್ನು ಬಿಟ್ಟುಕೊಟ್ಟರು. ಅದೇ ವರ್ಷ ಇಟಲಿಯ ರಾಷ್ಟ್ರಾಧ್ಯಕ್ಷರ ಆಜ್ಞೆಯ ಮೇರೆಗೆ ಅಡ್ಡಹೆಸರೂ ಕುಲನಾಮವೂ ಒಂದಾಗಿ ಆ ಮನೆತನವು 'ಪಿನಿನ್‌ಫರೀನಾ' ಎನಿಸಿತು. ಅಣ್ಣನ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನನ್ನು ಮನೆಯವರು ಕರೆಯುತ್ತಿದ್ದ ಹೆಸರು ಮನೆತನದ ಹೆಸರಾಯಿತು. 1966ರಲ್ಲಿ ಅವರು ತೀರಿಕೊಂಡಾಗ ಕೀಲಿಕೈ ಯಾರಿಗೆಂಬ ಗೊಂದಲವೇ ಇರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಅದು ಸಿರಿವಂತರ ಕತೆಯಾಗುತ್ತಿತ್ತು. ಆದರೆ ಕಾಲ ಒಂದೇ ರೀತಿಯಾಗಿರುವುದಿಲ್ಲ. ದೊಡ್ಡ ಕಂಪೆನಿಗಳಿಗಾಗಿ ಇಡೀ ಕಾರುಗಳನ್ನೇ ತಯಾರಿಸಿಕೊಡುವ ಕೆಲಸಕ್ಕೆಂದು ಕಾರಖಾನೆಗಳನ್ನು ಹಿಗ್ಗಿಸಿದ್ದರು, ಆ ಕೆಲಸ ಕೈಬಿಡುತ್ತ ಬಂದಿತು, ಸಾಲ ಬೆಳೆಯಿತು. ಮೂರನೆಯ ತಲೆಮಾರಿನ ಆಂಡ್ರಿಯಾ ಅವರು ಸಂಸ್ಥೆಯನ್ನು ದಡಕ್ಕೆ ತರಲು ಹೆಣಗುತ್ತಿರುವಾಗಲೇ 2008ರ ಆಗಸ್ಟಿನಲ್ಲಿ ಸ್ಕೂಟರಿನ ಮೇಲೆ ಹೋಗುತ್ತ ಅಪಘಾತದಲ್ಲಿ ಮಡಿದರು. ವೃದ್ಧ ತಂದೆ ಸೆರ್ಜಿಯೊ ಮಗನ ಸಾವನ್ನು ಕಂಡು, 2012ರಲ್ಲಿ ತಾವೂ ಕಣ್ಮುಚ್ಚಿದರು. 2015ರ ದಶಂಬರದಲ್ಲಿ ಆ ಸಂಸ್ಥೆಯ ಶೇಕಡ 76ರಷ್ಟು ಪಾಲನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡವರು ನಮ್ಮ ಮುಂಬಯಿಯ ಮಹೀಂದ್ರಾದವರು. ನಾವು ಹೇಳಿದ ನಂಟು ಇದೇ. ಕಾಂದಿವಲಿಯಲ್ಲಿ ಕಾರಖಾನೆಯಿರುವ, ನಮ್ಮ ವಾಚಕರಿಗೆ ಚಿರಪರಿಚಿತವಾದ ಹೆಸರು.

ಇಷ್ಟಾದ ಮೇಲೆ ಟ್ಯೂರಿನ್ನಿನ ಆ ಮನೆತನದ ಆಸ್ತಿ ಹೋಯಿತೆಂದು ಮರುಗಬೇಕೆ? ಅರ್ಧ ನಿಜ. ಸಾಲಗಾರರು ಕಟ್ಟಡವನ್ನೂ ಪಾಲುಪತ್ರಗಳನ್ನೂ ಕೇಳಬಲ್ಲರು. ಕೈಯಲ್ಲಿರುವ ಹದವನ್ನು ಯಾರೂ ಜಪ್ತಿ ಮಾಡಲಾರರು. 2019ರಲ್ಲಿ ಮಹೀಂದ್ರಾದವರಿಗೆ ಸೇರಿದ ಸಂಸ್ಥೆಯೊಂದು ಜಿನೀವಾ ಪ್ರದರ್ಶನದಲ್ಲಿ ವಿದ್ಯುತ್ತಿನಿಂದ ಓಡುವ, 1900 ಅಶ್ವಶಕ್ತಿಯ ಕಾರನ್ನು ಮುಂದಿಟ್ಟಿತು. ಒಟ್ಟು 150ಕ್ಕಿಂತ ಹೆಚ್ಚು ಕಟ್ಟುವುದಿಲ್ಲವೆಂದೂ ಸಾರಿತು. ಕೊಂಡವರು ತಮ್ಮ ಹಣದಿಂದ ತಮ್ಮ ಹೆಸರನ್ನೇ ಅದರ ಮೇಲೆ ಬರೆಯಬಹುದಾಗಿತ್ತು. ಅವರು ಇಟ್ಟ ಹೆಸರು ಬಟಿಸ್ಟಾ.

"ಇದೆಲ್ಲ ಧಣಿಗಳ ಮಾತಾಯಿತು, ಗಲ್ಲೆಯಲ್ಲಿ ಕೂರುವವನಿಗೆ ಬಿಟ್ಟುಹೋಗಲು ಅಂಗಡಿಯಿದೆ, ನಮ್ಮಲ್ಲೇನಿದೆ?" ಎಂದು ಕಾರ್ಮಿಕ ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಉತ್ತರವಿದು: ಪಿನಿನ್ ಅವರ ಬಳಿಯಲ್ಲಿ ಅಂಗಡಿಗಿಂತ ಮೊದಲು ಇದ್ದದ್ದು ಕೆಲಸ. ನೂರು ಜನರ ಪಂಕ್ತಿಗೆ ಕಣ್ಣಳತೆಯಲ್ಲಿಯೇ ಉಪ್ಪುಹುಳಿ ಹಾಕಿ ತಪ್ಪದ ಭಟ್ಟರು, ಹತ್ತು ಮೇಜುಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಒಂದು ಕಾಫಿಯನ್ನೂ ಮರೆಯದ ಸಪ್ಲಾಯರು, ಒಂದು ಪೈಸೆಯ ವ್ಯತ್ಯಾಸಕ್ಕಾಗಿ ರಾತ್ರಿ ಕುಳಿತು ಖಾತೆಯನ್ನು ಸರಿದೂಗಿಸಿದ ಗುಮಾಸ್ತರು, ಇವರೆಲ್ಲ ಮಕ್ಕಳಿಗೆ ಕೊಡಲು ಏನೂ ಇಲ್ಲದವರೆಂದು ನಾವು ಒಪ್ಪಲಾರೆವು. ಮಗನು ಅದೇ ಕೆಲಸವನ್ನು ಮಾಡಲೇಬೇಕೆಂದು ನಾವು ಹೇಳುವುದಿಲ್ಲ. ಅವನು ಇಂಜಿನಿಯರಾಗಲಿ, ಡಾಕ್ಟರಾಗಲಿ. ಆದರೆ ತಂದೆಯು ಹೇಗೆ ಕೆಲಸ ಮಾಡುತ್ತಿದ್ದರೆಂಬುದನ್ನು ಕಣ್ಣಾರೆ ಕಂಡು ಆಗಲಿ.

ಆದುದರಿಂದ ತಂದೆಯರಲ್ಲಿ ನಮ್ಮ ಮೊದಲ ಬಿನ್ನಹ: ರಜೆಯ ಒಂದು ದಿನ ಮಗನನ್ನೂ ಮಗಳನ್ನೂ ನಿಮ್ಮ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ; ನಿಮ್ಮ ಕೈ ಏನು ಬಲ್ಲದೆಂಬುದನ್ನು ತೋರಿಸಿ. ಎರಡನೆಯದು ಧಣಿಗಳಲ್ಲಿ. ಹಿರಿಯರ ಹೆಸರಿನ ಹಲಗೆಯನ್ನು ಬಾಗಿಲ ಮೇಲೆ ಉಳಿಸಿಕೊಂಡು, ಆ ಹೆಸರನ್ನು ಗಳಿಸಿಕೊಟ್ಟ ಹಳೆಯ ಕೆಲಸಗಾರರನ್ನು ಹೊರಗೆ ಕಳುಹಿಸುವುದು ಪಿತೃಭಕ್ತಿಯಲ್ಲ. ಮಕ್ಕಳು ಪ್ರಾಯಕ್ಕೆ ಬಂದ ಮೇಲೂ ಕೀಲಿಕೈಯನ್ನು ಸೊಂಟಕ್ಕೇ ಕಟ್ಟಿಕೊಂಡಿರುವುದೂ ಜಾಣತನವಲ್ಲ. ಮೂರನೆಯದು ನಮ್ಮ ಸಂಘಸಂಸ್ಥೆಗಳಲ್ಲಿ. ಪ್ರತಿವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಡುತ್ತೀರಿ, ಸಂತೋಷ. ಅದೇ ವೇದಿಕೆಯಲ್ಲಿ, ಮೂವತ್ತು ವರ್ಷ ಒಂದೇ ಕಸುಬನ್ನು ಕೊರತೆಯಿಲ್ಲದೆ ಮಾಡಿದ ಕೆಲಸಗಾರನೊಬ್ಬನಿಗೂ ಶಾಲು ಹೊದಿಸಿ, ಆ ಶಾಲನ್ನು ಅವನ ಮಗನ ಕೈಯಿಂದಲೇ ಹೊದಿಸಿರಿ.

ಅಂದು ಸಭೆಯಲ್ಲಿ ಕುಳಿತ ಮಕ್ಕಳು, "ನಿನ್ನ ತಂದೆಗೆ ಏನು ಕೆಲಸ?" ಎಂದು ಮರುದಿನ ಶಾಲೆಯಲ್ಲಿ ಯಾರಾದರೂ ಕೇಳಿದಾಗ ತಡವರಿಸದೆ ಉತ್ತರಿಸುವರು. ನಮಗೆ ಬೇಕಾದುದು ಅಷ್ಟೇ.