ಸೋಲುವ ಪಕ್ಷದ ಅಭಿಮಾನಿ

ಗೆದ್ದವರ ಹಿಂದೆ ಊರೆಲ್ಲವೂ ನಡೆಯುತ್ತದೆ; ಸೋತವರ ಜೊತೆಯಲ್ಲಿ ನಡೆಯುವವರು ವಿರಳ. ಲೋಕದ ರೀತಿಯು ಹೀಗಿರಲು, ಇದಕ್ಕೆ ವ್ಯತಿರಿಕ್ತವಾದ ನಡತೆಯೊಂದು ನಮ್ಮ ನಾಡಿನ ಆಟದ ಬಯಲಿನಲ್ಲಿಯೇ ಕಂಡುಬಂದಿತು. ಈ ತಿಂಗಳು ಅದನ್ನು ಕುರಿತು ವಾಚಕರೊಡನೆ ಎರಡು ಮಾತುಗಳನ್ನು ಆಡಬಯಸುತ್ತೇವೆ.

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಎಂಬ ಕ್ರಿಕೆಟ್ ತಂಡವು 2008 ರಲ್ಲಿ ಐ.ಪಿ.ಎಲ್. ಪಂದ್ಯಾವಳಿಯೊಡನೆಯೇ ಹುಟ್ಟಿತು. 2009 ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ 6 ರನ್ನುಗಳಿಂದ, 2011 ರಲ್ಲಿ ಚೆನ್ನೈಯಲ್ಲಿ 58 ರನ್ನುಗಳಿಂದ, 2016 ರಲ್ಲಿ ಸ್ವಂತ ಊರಿನಲ್ಲಿಯೇ 8 ರನ್ನುಗಳಿಂದ ಅಂತಿಮ ಪಂದ್ಯವನ್ನು ಸೋತಿತು. 2013 ರ ಏಪ್ರಿಲ್ 23 ರಂದು 263 ರನ್ನುಗಳನ್ನು ಕಲೆಹಾಕಿ ಎಲ್ಲರನ್ನೂ ಬೆರಗುಗೊಳಿಸಿದ ಪಕ್ಷವೇ, ನಾಲ್ಕು ವರ್ಷಗಳ ತರುವಾಯ ಅದೇ ದಿನ ಕೋಲ್ಕತ್ತದಲ್ಲಿ 49 ಕ್ಕೆ ಕುಸಿಯಿತು. ಆದರೂ ಅಭಿಮಾನಿಗಳು ಪ್ರತಿ ವರ್ಷವೂ ‘ಈ ಸಲ ಕಪ್ ನಮ್ದೇ’ ಎಂದರು. ಪರರು ಪರಿಹಾಸ ಮಾಡಿದರೆ ತಾವೂ ನಕ್ಕರು. ಆದರೆ ಪಕ್ಷವನ್ನು ಬಿಡಲಿಲ್ಲ.

ಇವರಲ್ಲಿ ಪರಸ್ಥಳಗಳಿಗೂ ಪಯಣ ಮಾಡುವವರು ವಿಶೇಷವಾಗಿ ಗಣನೀಯರು. ತನ್ನೂರಿನ ಜನಸ್ತೋಮದಲ್ಲಿ ಜಯಕಾರ ಮಾಡುವುದು ಸುಲಭ. ಸುಮಾರು 360 ಕಿಲೋಮೀಟರು ರೈಲಿನಲ್ಲಿ ಸಾಗಿ, ಚೆನ್ನೈಯ ಹಳದಿ ಉಡುಪಿನ ಸಮುದ್ರದ ನಡುವೆ ಕೆಂಪಂಗಿ ತೊಟ್ಟು ಕುಳಿತು, ಸೋಲನ್ನು ಕಣ್ಣಾರೆ ಕಂಡು, ಮರುದಿನ ಕೆಲಸಕ್ಕೆ ಹಾಜರಾಗುವುದು ಸುಲಭವಲ್ಲ. ಅಂಥವನು ಎರಡು ಗುಣಗಳನ್ನು ಕಲಿಯುತ್ತಾನೆ: ಪರರ ಊರಿನಲ್ಲಿ ಅತಿಥಿಯ ಮರ್ಯಾದೆ ಒಂದು, ಫಲವನ್ನು ತೂಗಿನೋಡದ ಪ್ರೀತಿ ಮತ್ತೊಂದು. ಈ ಎರಡನೆಯದು ಗೃಹಸ್ಥರಾದ ನಮಗೂ ಬೇಕಾದುದು. ಪರೀಕ್ಷೆಯಲ್ಲಿ ತಪ್ಪಿದ ಮಗನಿಗೆ, ವ್ಯಾಪಾರದಲ್ಲಿ ನಷ್ಟಪಟ್ಟ ತಮ್ಮನಿಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ಉಪದೇಶವಲ್ಲ. ಪಕ್ಕದಲ್ಲಿ ಕುಳಿತಿರುವ ಒಬ್ಬ ಸ್ವಜನ.

2024 ರಲ್ಲಿ ಮಹಿಳೆಯರ ತಂಡವು ದೆಹಲಿಯಲ್ಲಿ ಕಪ್ಪನ್ನು ಗೆದ್ದಿತು. 2025 ರ ಜೂನ್ 3 ರಂದು ಅಹಮದಾಬಾದಿನಲ್ಲಿ ಪುರುಷರ ತಂಡವೂ ಗೆದ್ದಿತು. ಅಂತರವು, ಮೊದಲು ಸೋತಷ್ಟೇ, 6 ರನ್ನು. ಆದರೆ ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ವರ್ಷಾನುವರ್ಷ ಸೋಲನ್ನು ತಾಳ್ಮೆಯಿಂದ ಹೊತ್ತ ಜನಕ್ಕೆ ಗೆಲುವನ್ನು ಒಂದು ದಿನ ನೆಮ್ಮದಿಯಾಗಿ ಅನುಭವಿಸುವ ಏರ್ಪಾಡು ದೊರೆಯಲಿಲ್ಲ. ಸಂತೋಷಪಡಲು ಹೊರಟವರನ್ನು ನಾವು ದೂಷಿಸಲಾರೆವು. ಜನರನ್ನು ಕರೆದವರಿಗೆ ಅವರನ್ನು ಕಾಯುವ ಹೊಣೆಯೂ ಉಂಟೆಂಬುದನ್ನು ಮಾತ್ರ ಮರೆಯತಕ್ಕದ್ದಲ್ಲ.

ಆದುದರಿಂದ ಮಕ್ಕಳು ಆಟ ನೋಡಲು ಹೊರಟರೆ ಹಿರಿಯರು ಅಡ್ಡಿಮಾಡಬೇಕಾದುದಿಲ್ಲ. ಸೋತರೂ ತಮ್ಮವರನ್ನು ಬಿಡದಿರುವ ಪಾಠವನ್ನು ಅವರು ಅಲ್ಲಿ ಕಲಿಯಲಿ. ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರೆ ಸಾಕು: ಜೊತೆಯವರನ್ನು ಎಣಿಸಿಕೊಂಡು ಹೋಗಿರಿ, ಎಣಿಸಿಕೊಂಡು ಬನ್ನಿರಿ.